ಮಕ್ಕಳ ಚಿತ್ರಪುಸ್ತಕದಲ್ಲಿ ಮಲೆನಾಡಿನ ದೆವ್ವ

ದೆವ್ವದ ಕತೆಗೆ ಹಗಲು ತಕ್ಕ ವೇಳೆಯಲ್ಲವೆಂಬುದು ಹಿರಿಯರ ಮತ. ಆದಕಾರಣ ದೀಪ ಹಚ್ಚಿದ ಮೇಲಿನ ಈ ಭಾಷಣದಲ್ಲಿ ನಾವು ಅದರ ಪ್ರಸ್ತಾಪವನ್ನೆತ್ತಿದರೆ ಶ್ರೋತೃಗಳು ಕ್ಷಮಿಸುವರೆಂದು ನಂಬಿದ್ದೇವೆ. ಹತ್ತಿರದಲ್ಲಿ ಮಕ್ಕಳಿದ್ದರೆ ಅವರನ್ನು ಎಬ್ಬಿಸಿ ಒಳಕ್ಕೆ ಕಳುಹಿಸಬೇಕಾದದ್ದಿಲ್ಲ. ನಾವು ಹೇಳಹೊರಟಿರುವುದು ಅವರ ಪುಸ್ತಕದ ದೆವ್ವವನ್ನು ಕುರಿತೇ. ಹೆದರಿಸಬೇಕೆಂದು ಬಂದು ತಾನೇ ಪೇಚಿಗೆ ಸಿಕ್ಕಿಕೊಳ್ಳುವ, ಬಣ್ಣದ ಚಿತ್ರದೊಳಗಿನ ಸಾಧುಪ್ರಾಣಿ ಅದು.

ದೆವ್ವವೆಂಬ ಮಾತು ದೈವವೆಂಬುದರ ತದ್ಭವ. ಗರ್ಭಗುಡಿಯಲ್ಲಿ ಪೂಜೆಗೊಳ್ಳುವವನಿಗೂ ಹುಣಿಸೆಯ ಕೊಂಬೆಯ ಮೇಲೆ ಕುಳಿತು ಕಾಲಾಡಿಸುವ ಬಡಪಾಯಿಗೂ ಹೆಸರಿನ ಮೂಲ ಒಂದೇ ಆದದ್ದು ಸೋಜಿಗ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಹಳ್ಳಿಯವರು ಇವೆರಡನ್ನು ಬೆರಸುವವರಲ್ಲ. ಬನದಲ್ಲಿ ಕಲ್ಲಾಗಿ ನಿಂತ ಭೂತರಾಯ, ಚೌಡಿ, ಪಂಜುರ್ಲಿ ಮುಂತಾದವು ತೋಟಗದ್ದೆಗಳನ್ನೂ ದನಕರುಗಳನ್ನೂ ಕಾಯತಕ್ಕ ಶಕ್ತಿಗಳು; ಹರಕೆ ಕಾಣಿಕೆಗಳಿಗೆ ಹಕ್ಕುಳ್ಳವು. ಇವನ್ನು ಕುರಿತು ಅಲ್ಲಿ ಯಾರೂ ಪರಿಹಾಸ ಮಾಡರು. ಮಕ್ಕಳ ಪುಸ್ತಕ ಬರೆಯುವವರೂ ಮಾಡತಕ್ಕದ್ದಲ್ಲ. ಒಬ್ಬರ ಮನೆಯ ದೇವರನ್ನು ಮತ್ತೊಬ್ಬರ ಮಗುವಿನ ಆಟಿಕೆಯಾಗಿ ಮಾಡುವುದು ವಿನೋದವಲ್ಲ. ನಗುವಿಗೆ ಒದಗತಕ್ಕದ್ದು ಹೆಸರೂ ಗುಡಿಯೂ ಇಲ್ಲದ ಅಲೆಮಾರಿ ದೆವ್ವ. ನರಸಿಂಹರಾಜಪುರಕ್ಕೆ ಎಡೇಹಳ್ಳಿಯೆಂದಿದ್ದ ಹಳೆಯ ಹೆಸರು ಹೋಗಿ, 1915ರಲ್ಲಿ ಮೈಸೂರಿನ ಯುವರಾಜರ ಹೆಸರು ಬಂದಿತು. ಈ ಅಲೆಮಾರಿಗಳು ಅದರಿಂದ ವಿಳಾಸ ತಪ್ಪಿದುವೆಂದು ಮಾತ್ರ ಯಾರೂ ಹೇಳಿಲ್ಲ.

ಅಲ್ಲಿ ಹೆದರಿಕೆಗೆ ಸಾಮಗ್ರಿ ಧಾರಾಳವಾಗಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಶೃಂಗೇರಿಯ ನೆರೆಯಲ್ಲಿಯೇ ಇದೆಯೆಂದಮೇಲೆ ಆಷಾಢದ ರಾತ್ರಿಗಳನ್ನು ವರ್ಣಿಸಬೇಕಾದದ್ದಿಲ್ಲ. ಮನೆಗೆ ಮನೆ ದೂರ. ನಡುವೆ ಅಡಕೆಯ ತೋಟ. ನಡುರಾತ್ರಿಯಲ್ಲಿ ಒಣಗಿದ ಸೋಗೆ ತನ್ನ ಹಾಳೆಯೊಡನೆ ಕಳಚಿ ನೆಲಕ್ಕೆ ಬೀಳುವಾಗ ಯಾರೋ ಮರದಿಂದ ಧುಮುಕಿದಂತೆಯೇ ಕೇಳುತ್ತದೆ. ಹಾರುಬೆಕ್ಕು ಮರದಿಂದ ಮರಕ್ಕೆ ತೇಲಿದರೆ ಕಂಡದ್ದು ಪ್ರಾಣಿಯೋ ನೆರಳೋ ಎಂಬುದು ತಿಳಿಯದು. ಜೌಗಿನ ಮೇಲೆ ಬೆಳಕು ಸುಳಿದರೆ ಕೊಳ್ಳಿದೆವ್ವ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಪ್ರಿಯವಾದದ್ದು ಗೊರಬು. ಬಿದಿರಿನ ಹೆಣಿಗೆಗೆ ಎಲೆಗಳನ್ನು ಹೊದಿಸಿ, ನೆತ್ತಿಯಿಂದ ಬೆನ್ನಿನ ಕೆಳಗಿನವರೆಗೆ ಮುಚ್ಚುವಂತೆ ಮಾಡುತ್ತಿದ್ದ ಮಳೆಯ ಹೊದಿಕೆ ಅದು. ಸಸಿ ನೆಡಲು ಬಾಗಿದವರಿಗೆ ಕೊಡೆ ಹಿಡಿಯುವ ಕೈ ಬಿಡುವಿರುವುದಿಲ್ಲವಷ್ಟೆ. ಮುಸ್ಸಂಜೆಯ ಮಳೆಯಲ್ಲಿ ಗೊರಬು ಹೊತ್ತು ಮನೆಗೆ ಮರಳುತ್ತಿರುವ ಆಳನ್ನು ಹಿಂದಿನಿಂದ ನೋಡಿದರೆ ತಲೆಯಿಲ್ಲ, ತೋಳಿಲ್ಲ. ದೊಡ್ಡದೊಂದು ಆಮೆ ಎದ್ದು ಎರಡು ಕಾಲಿನ ಮೇಲೆ ನಡೆದಂತೆ ಕಾಣುತ್ತದೆ. ಇದೇ ರೂಪ ತಿರುಗಿ ನಿಂತು, ಎಲೆಯಡಿಕೆ ಉಂಟೇ ಎಂದು ಕೇಳಿದಾಗ ಮಗುವಿನ ಮುಖದಲ್ಲಿ ಆಗುವ ಮಾರ್ಪಾಟೇ ಒಂದು ಚಿತ್ರಪುಸ್ತಕ. ಒಂದು ಪುಟದಲ್ಲಿ ಬೆನ್ನು, ಮಗುಚಿದರೆ ಮುಖ. ಹೆದರಿಕೆಯಿಂದ ನಗುವಿಗೆ ಇರುವ ದೂರ ಒಂದು ಹಾಳೆಯ ದಪ್ಪದಷ್ಟೇ ಎಂಬುದನ್ನು ಚಿತ್ರಪುಸ್ತಕ ತೋರಿಸಿಕೊಡಬಲ್ಲುದು. ಬರಿಯ ಮಾತಿನ ಕತೆಗೆ ಅದು ಅಷ್ಟು ಸುಲಭವಲ್ಲ.

ಹಾಗಾದರೆ ಮಾತಿನ ಕತೆ ಮಗುವನ್ನು ಹೇಗೆ ಕಾಪಾಡುತ್ತಿದ್ದಿತು? ಹೇಳುವವರ ಕೈಯಿಂದ. ಒಲೆಯ ಮುಂದೆ ಹಲಸಿನ ಬೀಜ ಸುಡುತ್ತ ಬ್ರಹ್ಮರಾಕ್ಷಸನ ಕತೆ ಹೇಳುವ ಅಜ್ಜಿಯ ಇನ್ನೊಂದು ಕೈ ಮಗುವಿನ ಬೆನ್ನ ಮೇಲಿರುತ್ತಿದ್ದಿತು. ಈಗ ಆ ಸೀಮೆಯ ಅನೇಕ ಮನೆಗಳಲ್ಲಿ ಉಳಿದಿರುವವರು ಇಬ್ಬರೇ ವೃದ್ಧರು. ಮೊಮ್ಮಕ್ಕಳು ಬೆಂಗಳೂರಿನಲ್ಲಿಯೋ ಇನ್ನೂ ದೂರದಲ್ಲಿಯೋ ಬೆಳೆಯುತ್ತಾರೆ. ರಜೆಯಲ್ಲಿ ಬಂದ ಮಗುವಿಗೆ ಸೋಗೆ ಬಿದ್ದ ಸದ್ದು ಏನೆಂದು ತಿಳಿಯದು. ತಿಳಿಯದ ಸದ್ದಿನಷ್ಟು ದೊಡ್ಡ ದೆವ್ವ ಬೇರೊಂದಿಲ್ಲ. ಅಜ್ಜಿಯ ಕೈ ಮಾಡುತ್ತಿದ್ದ ಕೆಲಸ ಈಗ ಪುಸ್ತಕದ ಪಾಲಿಗೆ ಬಂದಿದೆ. ಆದರೆ ಪೇಟೆಯಲ್ಲಿ ಕೊಂಡ ಪುಸ್ತಕದೊಳಗಿನ ದೆವ್ವವೋ, ಬಹುಮಟ್ಟಿಗೆ ಬಿಳಿಯ ದುಪ್ಪಟಿಗೆ ಎರಡು ತೂತು ಮಾಡಿ ಹೊದ್ದುಕೊಂಡದ್ದು. ಹಿಂದೆ ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಹೂಳುತ್ತಿದ್ದ ಯೂರೋಪಿನವರಿಗೆ ಆ ವೇಷ ಸಹಜವಾಗಿ ಬಂದಿತು. ನಮ್ಮ ದೆವ್ವಕ್ಕಾದರೋ ಕೆದರಿದ ಕೂದಲು, ಹಿಂದುಮುಂದಾದ ಪಾದ. ಹಿಂದುಮುಂದಾದ ಪಾದದವನು ಮೆಟ್ಟಲು ಹತ್ತುವುದೆಂತು, ಅವನ ಹೆಜ್ಜೆಗುರುತನ್ನು ಅರಸಿ ಹೊರಟವರು ಎಲ್ಲಿಗೆ ಮುಟ್ಟುವರು ಎಂಬುದನ್ನು ಬರೆದು ತೋರಿಸಿದರೆ ಸಾಕು, ಐದು ವರ್ಷದವರ ನಗೆಗೆ ಬೇರೆ ಏನೂ ಬೇಕಾಗಿಲ್ಲ.

ಪರದೇಶದ ಪುಸ್ತಕಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ರಾಬರ್ಟ್ ಬ್ರೈಟ್ ಎಂಬವರು 1944ರಲ್ಲಿ ಪ್ರಕಟಿಸಿದ 'ಜಾರ್ಜಿ' ಎಂಬ ಪುಟ್ಟ ಪುಸ್ತಕವುಂಟು. ಜಾರ್ಜಿ ಒಂದು ಮನೆಯ ಅಟ್ಟದಲ್ಲಿರುವ ಮರಿದೆವ್ವ. ರಾತ್ರಿ ಗೊತ್ತಾದ ಹೊತ್ತಿಗೆ ಮೆಟ್ಟಲಿನ ಸಡಿಲವಾದ ಹಲಗೆಯನ್ನು ಕಿರುಗುಟ್ಟಿಸುವುದು, ಬಾಗಿಲನ್ನು ಕೀರೆನಿಸುವುದು ಅದರ ಉದ್ಯೋಗ. ಆ ಸದ್ದು ಕೇಳಿ ಮನೆಯವರು ಮಲಗುತ್ತಾರೆ, ಬೆಕ್ಕು ಬೇಟೆಗೆ ಹೊರಡುತ್ತದೆ, ಗೂಬೆ ಏಳುತ್ತದೆ. ಒಂದು ದಿನ ಯಜಮಾನನು ಹಲಗೆಗೆ ಮೊಳೆ ಹೊಡೆದು ಬಾಗಿಲಿಗೆ ಎಣ್ಣೆ ಬಿಡಲು, ಜಾರ್ಜಿಗೆ ಉದ್ಯೋಗ ಹೋಯಿತು. ಬೇರೆ ಮನೆಗಳಲ್ಲೆಲ್ಲ ಆಗಲೇ ದೆವ್ವಗಳಿದ್ದುವು. ಕಡೆಗೆ ಚಳಿಯಿಂದ ಮೊಳೆ ಸಡಿಲಿ, ತೇವದಿಂದ ಬಾಗಿಲು ತುಕ್ಕು ಹಿಡಿದಾಗ ಅದು ಮನೆಗೆ ಹಿಂದಿರುಗುತ್ತದೆ. ಕೊಪ್ಪದ ಅಟ್ಟದ ಮನೆಗೆ ಈ ಕತೆ ಎಷ್ಟು ಒಪ್ಪುತ್ತದೆಂಬುದನ್ನು ನೋಡಿರಿ! ಆದರೆ ಹಾಗೆಯೇ ಕನ್ನಡಿಸಿದರೆ ಆಗದು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಬಿಗಿಯುತ್ತದೆ. ಹಲಗೆ ಒಣಗಿ ಮಾತನಾಡುವುದು ಬೇಸಗೆಯಲ್ಲಿ. ಮಲೆನಾಡಿನ ಜಾರ್ಜಿಗೆ ತುಕ್ಕನ್ನು ಮುಂಗಾರೂ ಕಿರುಗುಟ್ಟನ್ನು ಮಾಘಮಾಸವೂ ಒದಗಿಸಬೇಕು.

ಇಂತಹ ನಾಟಿಯನ್ನು ಮಾಡಿ ತೋರಿಸಿದವರು ಆ ಮಣ್ಣಿನಲ್ಲಿಯೇ ಹುಟ್ಟಿದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು, ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣವನ್ನು ಬೊಮ್ಮನಹಳ್ಳಿಯಾಗಿ ಮಾಡಿದರು. ಆ ಇಲಿಗಳು ಜರ್ಮನಿಯಿಂದ ಬಂದುವೆಂದು ಕನ್ನಡದ ಯಾವ ಮಗುವೂ ಶಂಕಿಸಿದ್ದಿಲ್ಲ. ವಂಗದೇಶದಲ್ಲಿ ಉಪೇಂದ್ರಕಿಶೋರ ರಾಯ್ ಚೌಧುರಿಯವರು 1915ರಲ್ಲಿ ಗೂಪಿ ಬಾಘಾ ಎಂಬ ಬೇಸುರರಿಬ್ಬರ ಕತೆಯನ್ನು ತಾವೇ ಚಿತ್ರ ಬರೆದು ನಡಸುತ್ತಿದ್ದ 'ಸಂದೇಶ್' ಪತ್ರಿಕೆಯಲ್ಲಿ ಅಚ್ಚುಮಾಡಿದರು. ಊರು ಓಡಿಸಿದ ಆ ಗಾಯಕರನ್ನು ಮೆಚ್ಚಿ ವರ ಕೊಡುವವು ಕಾಡಿನ ದೆವ್ವಗಳೇ. ನಮ್ಮ ಮಕ್ಕಳಿಗೆ 'ಚಂದಮಾಮ' ಪತ್ರಿಕೆಯ ಬೇತಾಳನಿದ್ದನು. ಶಂಕರ್ ಅವರ ಕುಂಚದಲ್ಲಿ, ಕತ್ತಿ ಹಿಡಿದ ವಿಕ್ರಮನ ಹೆಗಲೇರಿ ಅವನು ತಿಂಗಳು ತಿಂಗಳೂ ಬರುತ್ತಿದ್ದನು. ಅಷ್ಟು ಪ್ರಶ್ನೆ ಕೇಳುವವನನ್ನು ಕಂಡು ಬಹುಕಾಲ ಹೆದರುವುದು ಸಾಧ್ಯವೂ ಅಲ್ಲ. ಆದರೂ ಅವನು ಅರಸರ ಕಾಲದ ದೆವ್ವ. ಮನೆಯ ಕದವನ್ನು ತಟ್ಟುವವನಲ್ಲ.

ಕದ ತಟ್ಟುವ ದೆವ್ವ ನಮ್ಮಲ್ಲಿ ಬೇರೆ ಇದೆ. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ಅನೇಕರ ನೆನಪಿನಲ್ಲಿರಬಹುದು. ರಾತ್ರಿ ಬಂದ ಹೆಣ್ಣುದೆವ್ವ ಅದನ್ನು ಓದಿ ಹಿಂದಿರುಗುವುದು. ಮರುದಿನ ಬಂದರೆ ಮತ್ತೆ ಅದೇ ಬರಹ. ಆ ದಿನಗಳ ದಿಗಿಲು ನಿಜವೇ ಆಗಿದ್ದಿತು. ಆದರೂ ಯೋಚಿಸಿದರೆ, ಇದಕ್ಕಿಂತ ವಿನಯಶಾಲಿಯಾದ ದೆವ್ವವನ್ನು ಯಾವ ದೇಶದವರು ಕಲ್ಪಿಸಿದ್ದಾರೆ? ಅದಕ್ಕೆ ಕನ್ನಡ ಓದಲು ಬರುತ್ತದೆ. ಬರೆದದ್ದನ್ನು ನಂಬುತ್ತದೆ. ಸರ್ಕಾರಿ ಕಚೇರಿಗೆ ಅರ್ಜಿ ಹಿಡಿದು ಅಲೆದ ನಮ್ಮಂತಹವರಿಗೆ ಅದರ ಪಾಡು ಚೆನ್ನಾಗಿ ಅರ್ಥವಾಗುತ್ತದೆ. 2018ರಲ್ಲಿ ಈ ಸಂಗತಿಯನ್ನು 'ಸ್ತ್ರೀ' ಎಂಬ ಹಿಂದಿ ಚಲಚ್ಚಿತ್ರದವರು ಮಧ್ಯಪ್ರದೇಶದ ಚಂದೇರಿಗೆ ಒಯ್ದರು. ಇಂಥ ವಸ್ತುವಿಗೆ ಒಂದು ಬಾಗಿಲು, ಒಂದು ಸೀಮೆಸುಣ್ಣ, ದಿನದಿನಕ್ಕೆ ಬಳಲುತ್ತಿರುವ ಒಂದು ದೆವ್ವ, ಇಷ್ಟಿದ್ದರೆ ಹದಿನಾರು ಪುಟ ತುಂಬುತ್ತದೆ. ಒಂದು ಮಳೆಯ ರಾತ್ರಿ ಸುಣ್ಣದ ಅಕ್ಷರ ತೊಳೆದುಹೋಗಿ 'ಬಾ' ಎಂಬುದಷ್ಟೇ ಉಳಿದರೆ ಆ ಪಾಪದ ಪ್ರಾಣಿ ಏನು ಮಾಡೀತು? ಮಕ್ಕಳನ್ನೇ ಕೇಳಿರಿ, ಕಾಫಿ ಕೊಡಬೇಕೆಂದು ಹೇಳುವವರೇ ಹೆಚ್ಚಾಗಿರುವರು.

ಅಂತಹ ಪುಸ್ತಕವನ್ನು ಬರೆಯುವ ಚಿತ್ರಕಾರರಿಗೆ ಒಂದೆರಡು ಮಾತು. ಕತ್ತಲೆಯನ್ನು ಬರೆಯಲು ಅಂಜಬೇಡಿರಿ. ಮಲೆನಾಡಿನ ರಾತ್ರಿಯನ್ನು ತಿಳಿನೀಲಿಯಲ್ಲಿ ಬಳಿದರೆ ಅದನ್ನು ಕಂಡ ಮಗು ಒಪ್ಪುವುದಿಲ್ಲ. ಆದರೆ ಪ್ರತಿಯೊಂದು ಪುಟದಲ್ಲಿಯೂ ಎಲ್ಲಾದರೂ ಒಂದು ಕಿಟಕಿಯ ಬೆಳಕೋ ಮಿಣುಕುಹುಳುವೋ ಇರಲಿ, ಮಗುವಿನ ಬೆರಳು ಅದನ್ನು ಹುಡುಕಿಕೊಳ್ಳುತ್ತದೆ. ಗೊರಬನ್ನು ಊಹೆಯಿಂದ ಬರೆಯಬೇಡಿರಿ. ಪ್ಲಾಸ್ಟಿಕ್ ಹೊದಿಕೆ ಬಂದಮೇಲೆ ಅದು ಅಪರೂಪವಾಗಿದೆ. ಹಳೆಯ ಮನೆಯ ಅಟ್ಟದಲ್ಲಿ ಒಂದು ಸಿಕ್ಕಬಹುದು. ಹೋಗುವುದಾದರೆ ಆಷಾಢದಲ್ಲಿಯೇ ಹೋಗಿ ನಾಲ್ಕು ರಾತ್ರಿ ಅಲ್ಲಿ ಮಲಗಿರಿ. ಸೋಗೆ ಬಿದ್ದಾಗ ನೀವು ಹೇಗೆ ಎದ್ದು ಕುಳಿತಿರೆಂಬುದನ್ನು ಮರೆಯುವ ಮುನ್ನವೇ ಬರೆದಿಟ್ಟುಕೊಳ್ಳಿರಿ.