ಬಸ್ಸಿನ ಬಾಗಿಲಲ್ಲಿ ದಯೆ ಮತ್ತು ನ್ಯಾಯ

(ವೆಸ್ಟ್‌ಮೀಡ್‌ನ ಕನ್ನಡ ಓದುಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವೆಸ್ಟ್‌ಮೀಡ್‌ನಲ್ಲಿ ಬಸ್ಸು ಹತ್ತುವವರು ಯಾರೆಂದು ಇಲ್ಲಿ ಸೇರಿರುವವರಿಗೆ ವಿವರಿಸಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಹೊರಟ ದಾದಿಯರು ಮತ್ತು ಸ್ವಚ್ಛತಾ ಕೆಲಸಗಾರರು, ಒಳರೋಗಿಯನ್ನು ನೋಡಲು ಬಂದ ಬಂಧುಗಳು, ಹಗಲು ಓದಿ ರಾತ್ರಿ ದುಡಿಯುವ ವಿದ್ಯಾರ್ಥಿಗಳು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹಾಸನದಿಂದಲೋ ಧಾರವಾಡದಿಂದಲೋ ಸಂದರ್ಶಕ ವೀಸಾದಲ್ಲಿ ಬಂದ ಹಿರಿಯರು. ಇವರಲ್ಲಿ ಯಾರಾದರೊಬ್ಬರು ಒಂದು ದಿನ ಓಪಲ್ ಕಾರ್ಡನ್ನು ಯಂತ್ರಕ್ಕೆ ತಾಗಿಸುತ್ತಾರೆ. ಕಾರ್ಡಿನಲ್ಲಿ ಹಣವಿಲ್ಲವೆಂದು ಯಂತ್ರ ಸದ್ದು ಮಾಡುತ್ತದೆ. ಚಾಲಕ ತಲೆಯೆತ್ತಿ ನೋಡುತ್ತಾನೆ. ಹಿಂದೆ ಸಾಲು ನಿಂತಿರುತ್ತದೆ. ‘ಹೋಗಿ ಕುಳಿತುಕೊಳ್ಳಿ’ ಎನ್ನಬೇಕೋ ‘ಇಳಿಯಿರಿ’ ಎನ್ನಬೇಕೋ ಎಂಬುದನ್ನು ಆತ ಎರಡು ಕ್ಷಣಗಳಲ್ಲಿ ತೀರ್ಮಾನಿಸಬೇಕು.

ಹಣ ಕೊಡಲಾಗದವನನ್ನು ಹತ್ತಿಸಿಕೊಳ್ಳುವುದು ಒಳ್ಳೆಯತನ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಆ ಒಳ್ಳೆಯತನ ಯಾರ ಪಾಲಿಗೆ ಬರುತ್ತದೆ, ಯಾರ ಪಾಲಿಗೆ ಬರುವುದಿಲ್ಲ ಎಂಬುದನ್ನು ಕೇಳುವವರು ವಿರಳ. ಈ ಉಪನ್ಯಾಸದ ವಿಷಯ ಆ ಪ್ರಶ್ನೆಯೇ.

ಸಿಡ್ನಿಯಿಂದ ಉತ್ತರಕ್ಕೆ ಸುಮಾರು 900 ಕಿಲೋಮೀಟರ್ ದೂರದ ಬ್ರಿಸ್ಬೇನ್ ನಗರದಲ್ಲಿ ಇದೇ ಪ್ರಶ್ನೆಯನ್ನು ಬಸ್ಸಿನೊಳಗೇ ನಿಂತು ಪರೀಕ್ಷಿಸಲಾಯಿತು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ರೆಡ್ಜೊ ಮುಜ್ಸಿಕ್ ಮತ್ತು ಪಾಲ್ ಫ್ರೈಟರ್ಸ್ ಅವರು ವಿವಿಧ ಮೂಲದ ಯುವಕ ಯುವತಿಯರ ಕೈಗೆ ಹಣವಿಲ್ಲದ ಕಾರ್ಡು ಕೊಟ್ಟು ಬಸ್ಸುಗಳಿಗೆ ಹತ್ತಿಸಿದರು. ಯಂತ್ರ ಸದ್ದು ಮಾಡಿದ ಮೇಲೆ ಎಲ್ಲರೂ ಒಂದೇ ಮಾತು ಹೇಳಬೇಕಿತ್ತು: ಕೈಯಲ್ಲಿ ಹಣವಿಲ್ಲ, ಇಂಥ ನಿಲ್ದಾಣಕ್ಕೆ ಹೋಗಬೇಕಿದೆ. ಹೀಗೆ 1,500ಕ್ಕೂ ಹೆಚ್ಚು ಸಲ ಪರೀಕ್ಷೆ ನಡೆಯಿತು. 2013ರಲ್ಲಿ ಕರಡು ಪ್ರಬಂಧವಾಗಿ ಹೊರಬಂದ ಈ ಅಧ್ಯಯನ 2021ರಲ್ಲಿ ‘ಎಕನಾಮಿಕ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫಲಿತಾಂಶ ಹೀಗಿತ್ತು. ಬಿಳಿಯರನ್ನು ನೂರಕ್ಕೆ 72 ಸಲ ಚಾಲಕರು ಉಚಿತವಾಗಿ ಕರೆದೊಯ್ದರು. ಪೂರ್ವ ಏಷ್ಯಾದ ಚಹರೆಯವರಿಗೂ ಹೆಚ್ಚುಕಡಿಮೆ ಅಷ್ಟೇ ಸಲ ಅನುಮತಿ ದೊರೆಯಿತು. ಭಾರತೀಯ ಚಹರೆಯವರಿಗೆ ದೊರೆತದ್ದು ನೂರಕ್ಕೆ 51 ಸಲ. ಕಪ್ಪು ಬಣ್ಣದವರಿಗೆ 36 ಸಲ. ಕಾರ್ಡು ಒಂದೇ, ಮಾತು ಒಂದೇ, ಅಗತ್ಯವೂ ಒಂದೇ. ಬೇರೆಯಾಗಿದ್ದುದು ಮುಖ ಮಾತ್ರ.

ಉಡುಪು ಬದಲಾದಾಗ ಉತ್ತರವೂ ಬದಲಾಯಿತು. ಸೈನಿಕರ ಸಮವಸ್ತ್ರ ತೊಟ್ಟ ಬಿಳಿಯರಿಗೆ ನೂರಕ್ಕೆ 97 ಸಲ ಅನುಮತಿ ದೊರೆತರೆ, ಅದೇ ಸಮವಸ್ತ್ರ ತೊಟ್ಟ ಕಪ್ಪು ಬಣ್ಣದವರಿಗೆ 77 ಸಲ ದೊರೆಯಿತು. ಅಂದರೆ ಸಾಮಾನ್ಯ ಬಟ್ಟೆಯ ಬಿಳಿಯ ಯುವಕನಿಗೆ ಸುಮ್ಮನೆ ಸಿಗುವ ವಿಶ್ವಾಸವನ್ನು ಗಳಿಸಲು ಕಪ್ಪು ಯುವಕ ದೇಶರಕ್ಷಕನ ವೇಷ ಧರಿಸಬೇಕಾಯಿತು.

ಈ ಅಧ್ಯಯನದ ಇನ್ನೆರಡು ಅಂಶಗಳು ಪ್ರಗತಿಪರರೆನಿಸಿಕೊಂಡವರಿಗೂ ಮುಜುಗರ ತರುವಂಥವು. ಮೊದಲನೆಯದು, ಬಳಿಕ ಚಾಲಕರಿಗೆ ಚಿತ್ರಗಳನ್ನು ತೋರಿಸಿ, ಇಂಥವರು ಬಂದರೆ ಏನು ಮಾಡುವಿರಿ ಎಂದು ಕೇಳಲಾಯಿತು. ಬಹುಪಾಲು ಚಾಲಕರು ಕಪ್ಪು ಬಣ್ಣದವರನ್ನೂ ಹತ್ತಿಸಿಕೊಳ್ಳುತ್ತೇವೆಂದೇ ಉತ್ತರಿಸಿದರು. ಅವರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ಆತುರದ ಎರಡು ಕ್ಷಣಗಳಲ್ಲಿ ಕೈ ಮಾಡುವ ಕೆಲಸ, ನಿಧಾನವಾಗಿ ಯೋಚಿಸುವಾಗ ಬಾಯಿ ಹೇಳುವ ಮಾತು ಇವೆರಡೂ ಮನುಷ್ಯನಲ್ಲಿ ಬೇರೆಯಾಗಿರಬಲ್ಲವು. ಎರಡನೆಯದು, ಚಾಲಕರು ತಮ್ಮ ಜನಾಂಗದವರಿಗೆ ಹೆಚ್ಚು ಉದಾರವಾಗಿದ್ದರೂ, ಕಪ್ಪು ಚಾಲಕರು ಸಹ ಕಪ್ಪು ಪ್ರಯಾಣಿಕರಿಗಿಂತ ಬಿಳಿಯರನ್ನೇ ಹೆಚ್ಚು ಸಲ ಹತ್ತಿಸಿಕೊಂಡರು: ನೂರಕ್ಕೆ 68ರ ಎದುರು 83. ಆದುದರಿಂದ ಇದನ್ನು ‘ಅವರು’ ‘ಇವರಿಗೆ’ ಮಾಡುವ ಅನ್ಯಾಯವೆಂದು ಸರಳವಾಗಿ ಹೇಳಿ ಮುಗಿಸಲಾಗದು. ಸಮಾಜ ಯಾರನ್ನು ನಂಬಲರ್ಹರೆಂದು ಕಲಿಸಿದೆಯೋ ಅವರನ್ನು ಎಲ್ಲರೂ ನಂಬುತ್ತಾರೆ. ಆ ಪಾಠದಿಂದ ಅವಮಾನಕ್ಕೊಳಗಾದವರೂ ಅದನ್ನೇ ಕಲಿತಿರುತ್ತಾರೆ.

ಈ ಮಾತು ಭಾರತದಿಂದ ಬಂದವರಿಗೆ ಹೊಸದಾಗಿ ಕೇಳಿಸಬಾರದು. 1901ರಲ್ಲಿ ಬಾಲಕ ಅಂಬೇಡ್ಕರ್ ತಮ್ಮ ಅಣ್ಣ ಮತ್ತಿತರರೊಡನೆ ಸತಾರಾದಿಂದ ತಂದೆಯಿದ್ದ ಊರಿಗೆ ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಪ್ರಸಂಗವನ್ನು ಅವರೇ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಬರಹದಲ್ಲಿ ದಾಖಲಿಸಿದ್ದಾರೆ. ಮಕ್ಕಳ ಮೈಮೇಲೆ ಒಳ್ಳೆಯ ಬಟ್ಟೆಗಳಿದ್ದವು, ಕೈಯಲ್ಲಿ ಹಣವಿತ್ತು. ಜಾತಿ ತಿಳಿದ ಕೂಡಲೇ ಗಾಡಿಯವರು ಒಬ್ಬೊಬ್ಬರಾಗಿ ಬರಲೊಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂಬ ಷರತ್ತಿನ ಮೇಲೆ.

ಈ ಪ್ರಸಂಗವನ್ನು ಬ್ರಿಸ್ಬೇನಿನ ಬಸ್ಸಿನ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಸೂರಿನಲ್ಲಿ ಹಣವಿದ್ದವರಿಗೆ ಪ್ರಯಾಣ ದಕ್ಕಲಿಲ್ಲ. ಬ್ರಿಸ್ಬೇನಿನಲ್ಲಿ ಹಣವಿಲ್ಲದ ಕೆಲವರಿಗೆ ಅದು ಸಲೀಸಾಗಿ ದಕ್ಕಿತು. ಎರಡೂ ಕಡೆ ಗಾಡಿಯ ಬಾಗಿಲು ತೆರೆದದ್ದು ಹಣದ ಲೆಕ್ಕದ ಮೇಲಲ್ಲ, ಹತ್ತುವವನು ಯಾರೆಂಬ ಲೆಕ್ಕದ ಮೇಲೆ. ಜಾತಿಪದ್ಧತಿಯನ್ನು ಊರಿನಲ್ಲಿ ಬಿಟ್ಟುಬಂದೆವೆಂದು ನಂಬಿರುವ ವಲಸಿಗ ಕುಟುಂಬಗಳಲ್ಲಿ, ಆಫ್ರಿಕಾದಿಂದ ಬಂದ ನೆರೆಯವರ ಬಗ್ಗೆ ಊಟದ ಮೇಜಿನ ಮೇಲೆ ಆಡುವ ಮಾತುಗಳನ್ನು ಒಮ್ಮೆ ನೆನೆದರೆ, 51ರ ಸ್ಥಾನದಲ್ಲಿರುವವರ ಕಣ್ಣು ಯಾವಾಗಲೂ 72ರ ಕಡೆಗೇ ಇರುತ್ತದೆ, 36ರ ಕಡೆಗೆ ತಿರುಗುವುದಿಲ್ಲ ಎಂಬುದು ತಿಳಿಯುತ್ತದೆ. ತಮಗೂ ಬಿಳಿಯರಷ್ಟು ವಿಶ್ವಾಸ ಸಿಗಲಿ ಎಂದಷ್ಟೇ ಕೇಳಿ ಸುಮ್ಮನಾದರೆ ಅದು ನ್ಯಾಯದ ಬೇಡಿಕೆಯಾಗದು. ಶ್ರೇಣಿಯಲ್ಲಿ ಬಡ್ತಿಯ ಅರ್ಜಿಯಾಗುತ್ತದೆ.

ಹಾಗೆಂದು ಎಲ್ಲ ಹೊಣೆಯನ್ನೂ ಚಾಲಕನ ಮೇಲೆ ಹೊರಿಸುವುದು ಸರಿಯಲ್ಲ. ಇಂದು ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳ ಬಸ್ಸುಗಳಲ್ಲಿ ಚುಕ್ಕಾಣಿ ಹಿಡಿದವರಲ್ಲಿ ಭಾರತೀಯರೂ ಬಹಳ ಮಂದಿ ಇದ್ದಾರೆ. ಅವರ ಪಾಳಿ ದೀರ್ಘವಾದದ್ದು, ವೇಳಾಪಟ್ಟಿ ಬಿಗಿಯಾದದ್ದು. ತಡವಾದರೆ ಮೇಲಿನವರು ಕೇಳುತ್ತಾರೆ, ವಾದಕ್ಕಿಳಿದರೆ ಪ್ರಯಾಣಿಕ ಮುಷ್ಟಿಯೆತ್ತಬಹುದೆಂಬ ಭಯವಿರುತ್ತದೆ. 2016ರ ಅಕ್ಟೋಬರ್ 28ರಂದು ಬ್ರಿಸ್ಬೇನಿನ ಮೂರೂಕಾದಲ್ಲಿ ಪಂಜಾಬಿನಿಂದ ಬಂದಿದ್ದ 29 ವರ್ಷದ ಚಾಲಕ ಮನ್‌ಮೀತ್ ಅಲಿಶೇರ್ ಅವರ ಮೇಲೆ, ನಿಲ್ದಾಣದಲ್ಲಿ ಹತ್ತಿದವನೊಬ್ಬ ಉರಿಯುವ ದ್ರಾವಣವೆರಚಿ ಕೊಂದನು. ದಾಳಿಕೋರ ಆ ವೇಳೆ ಮಾನಸಿಕ ಸ್ವಾಸ್ಥ್ಯ ಕಳೆದುಕೊಂಡಿದ್ದನೆಂದು ನ್ಯಾಯಾಲಯ ನಿರ್ಣಯಿಸಿತು. ಟಿಕೆಟ್ಟಿನ ಜಗಳಕ್ಕೂ ಆ ಕೊಲೆಗೂ ಸಂಬಂಧವಿರಲಿಲ್ಲ. ಆದರೆ ಬಾಗಿಲು ತೆರೆದಾಗಲೆಲ್ಲ ಅಪರಿಚಿತನ ಎದುರು ಒಬ್ಬಂಟಿಯಾಗಿ ಕೂರುವ ಕೆಲಸ ಎಂಥದೆಂಬುದನ್ನು ಅದು ತೋರಿಸಿಕೊಟ್ಟಿತು.

ಅಂದು ಬಸ್ಸಿಗೆ ಬೆಂಕಿ ಹಬ್ಬಿ ಪ್ರಯಾಣಿಕರು ಒಳಗೆ ಸಿಕ್ಕಿಬಿದ್ದಾಗ ಹಿಂಬಾಗಿಲನ್ನು ಒದ್ದು ತೆರೆದು ಅವರನ್ನು ಹೊರತಂದವರು ಸುಡಾನ್ ಮೂಲದ ಟ್ಯಾಕ್ಸಿ ಚಾಲಕ ಅಗೆಕ್ ನ್ಯೋಕ್. ಅದೇ ನಗರದ ಅಧ್ಯಯನದ ಪ್ರಕಾರ, ಅವರಂಥ ಕಪ್ಪು ಬಣ್ಣದ ಮನುಷ್ಯ ಕಾರ್ಡಿನಲ್ಲಿ ಹಣವಿಲ್ಲದೆ ಬಸ್ಸು ಹತ್ತಿದರೆ ನೂರರಲ್ಲಿ 64 ಸಲ ಇಳಿಯಬೇಕಾಗುತ್ತಿತ್ತು. ಯಾರನ್ನು ನಂಬಬಹುದೆಂದು ಮುಖ ನೋಡಿ ಊಹಿಸುವ ಅಭ್ಯಾಸ ಎಷ್ಟು ಪೊಳ್ಳಾದದ್ದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಹಾಗಾದರೆ ಚಾಲಕನ ವಿವೇಚನೆಯನ್ನು ಕಿತ್ತುಹಾಕಿ, ಎಲ್ಲರಿಗೂ ಒಂದೇ ಕಠಿಣ ನಿಯಮ ವಿಧಿಸಿದರೆ ನ್ಯಾಯವಾದೀತೇ? ಮೆಲ್ಬರ್ನಿನ ಅನುಭವ ಇಲ್ಲಿ ಎಚ್ಚರಿಕೆ ನೀಡುತ್ತದೆ. ಅಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರು ಸ್ಥಳದಲ್ಲೇ 75 ಡಾಲರ್ ಕಟ್ಟಿ ಹೋಗಬಹುದೆಂಬ ವ್ಯವಸ್ಥೆಯಿತ್ತು. ಜೇಬಿನಲ್ಲಿ ಹಣವಿದ್ದವನು ಕಟ್ಟಿ ಹೊರಟುಹೋಗುತ್ತಿದ್ದ. ಇಲ್ಲದವನಿಗೆ ಅದರ ಎರಡು ಪಟ್ಟನ್ನೂ ಮೀರಿದ ದಂಡದ ಚೀಟಿ ಮನೆಗೆ ಬರುತ್ತಿತ್ತು. ಕಟ್ಟಲಾಗದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ಬಡವನಿಗೆ ಅದರ ಬೆಲೆ ಹೆಚ್ಚಾಗಿತ್ತು. 2016ರಲ್ಲಿ ವಿಕ್ಟೋರಿಯಾದ ಒಂಬುಡ್ಸ್‌ಮನ್ ದಂಡದ ವ್ಯವಸ್ಥೆಯನ್ನು ಕಟುವಾಗಿ ವಿಮರ್ಶಿಸಿದರು. 2017ರ ಆರಂಭದಿಂದ ಆ ಸ್ಥಳದಂಡ ರದ್ದಾಯಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಇಂದಿಗೂ ವಯಸ್ಕರಿಗೆ ಸ್ಥಳದಲ್ಲಿ ವಿಧಿಸುವ ದಂಡ 200 ಡಾಲರ್. ಗಂಟೆಯ ಲೆಕ್ಕದಲ್ಲಿ ದುಡಿಯುವ ವಿದ್ಯಾರ್ಥಿಗೆ ಅದು ಇಡೀ ದಿನದ ಸಂಪಾದನೆ. ಇಲ್ಲಿ ಸ್ಥಳೀಯ ವಿದ್ಯಾರ್ಥಿಗೆ ಸಿಗುವ ರಿಯಾಯಿತಿ ದರ ಸ್ವಂತ ಖರ್ಚಿನಲ್ಲಿ ಓದುವ ವಿದೇಶಿ ವಿದ್ಯಾರ್ಥಿಗೆ ಸಿಗುವುದಿಲ್ಲ ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಇನ್ನೊಂದು ದಾರಿಯನ್ನು ಕರ್ನಾಟಕ ತೋರಿಸಿದೆ. ಅಲ್ಲಿನ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹೊಣೆ ಕಂಡಕ್ಟರರದು. ಟಿಕೆಟ್ಟಿಲ್ಲದ ಪ್ರಯಾಣಿಕನನ್ನು ತನಿಖಾ ದಳ ಹಿಡಿದರೆ ಕಂಡಕ್ಟರ್ ಸಹ ಉತ್ತರ ಹೇಳಬೇಕು. ಕೈಯಲ್ಲಿ ಕಾಸಿಲ್ಲದ ಮುದುಕಿಯ ಮೇಲೆ ಕನಿಕರ ತೋರಿದರೆ ಕೆಲಸಕ್ಕೇ ಕುತ್ತು ಬರಬಹುದು. ದಯೆಗೆ ಇಷ್ಟು ದುಬಾರಿ ಬೆಲೆ ಕಟ್ಟಿದ ವ್ಯವಸ್ಥೆಯಲ್ಲಿ ನಿಷ್ಠುರತೆಯನ್ನು ಕಂಡಕ್ಟರನ ಸ್ವಭಾವವೆನ್ನಲಾಗದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ, ಅದರ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ನೆನ್ನೆಯವರೆಗೆ ಕಂಡಕ್ಟರನ ಕನಿಕರದಲ್ಲಿದ್ದುದು ಇಂದು ಆಕೆಯ ಕೈಯಲ್ಲಿರುವ ಚೀಟಿಯಾಯಿತು.

ಆದರೂ ಹಕ್ಕು ಕಾಗದಕ್ಕೆ ಬಂದೊಡನೆ ತಾತ್ಸಾರ ಮಾಯವಾಗಲಿಲ್ಲ. ಮಹಿಳೆಯರೇ ನಿಂತಿರುವ ತಂಗುದಾಣಗಳಲ್ಲಿ ಬಸ್ಸು ನಿಲ್ಲಿಸದೆ ಹೋಗುತ್ತಾರೆಂಬ ದೂರುಗಳು ಬಂದವು. ‘ಪುಕ್ಕಟೆ ಪ್ರಯಾಣ’ ಎಂಬ ಕೊಂಕು ಬಸ್ಸಿನೊಳಗೂ ಹೊರಗೂ ಕೇಳಿಬಂತು. ಆದರೆ ಹಕ್ಕಿದ್ದಾಗ ದೂರು ಕೊಡಲು ಸಾಧ್ಯ. ದಯೆ ತೋರಲಿಲ್ಲವೆಂದು ಯಾರೂ ಯಾವ ಕಚೇರಿಗೂ ದೂರು ಬರೆಯಲಾರರು. ಆ ವ್ಯತ್ಯಾಸ ಸಣ್ಣದಲ್ಲ.

ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯವೂ ಇದೇ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿದೆ. 2024ರ ಆಗಸ್ಟ್ 5ರಿಂದ ಅಲ್ಲಿ ಸಾರ್ವಜನಿಕ ಸಾರಿಗೆಯ ದರ ದೂರವೆಷ್ಟೇ ಇರಲಿ 50 ಸೆಂಟ್. ಆರು ತಿಂಗಳ ಪ್ರಯೋಗವೆಂದು ಆರಂಭಿಸಿದ್ದನ್ನು ಮರುವರ್ಷ ಶಾಶ್ವತಗೊಳಿಸಲಾಯಿತು. ದರ ಇಷ್ಟು ಇಳಿದಾಗ ಹಣ ಕೊಡಲಾಗದವರ ಸಂಖ್ಯೆಯೂ ಇಳಿಯುತ್ತದೆ. ಚಾಲಕ ಎರಡು ಕ್ಷಣಗಳಲ್ಲಿ ಮುಖ ನೋಡಿ ತೀರ್ಪು ಕೊಡಬೇಕಾದ ಸಂದರ್ಭಗಳೇ ವಿರಳವಾಗುತ್ತವೆ. ಅನ್ಯಾಯಕ್ಕೆ ಅವಕಾಶ ಒದಗಿಸುವ ಸನ್ನಿವೇಶವನ್ನೇ ಕುಗ್ಗಿಸುವುದು, ಚಾಲಕರಿಗೆ ನೀತಿಬೋಧೆ ಮಾಡುವುದಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ.

ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಸಂಘಟನೆಗಳು ರಾಜ್ಯೋತ್ಸವಕ್ಕೆ ಸಭಾಂಗಣ ಕೇಳಲು ಸ್ಥಳೀಯ ಶಾಸಕರ ಕಚೇರಿಗೆ ಹೋಗುವುದುಂಟು. ಅದೇ ಕಚೇರಿಯಲ್ಲಿ ಇಡಬಹುದಾದ ಬೇಡಿಕೆಗಳು ಮೂರು. ವಿದೇಶಿ ವಿದ್ಯಾರ್ಥಿಗಳಿಗೂ ರಿಯಾಯಿತಿ ದರ ಸಿಗಬೇಕು. ಹಣ ಕೊಡಲಾಗದವರು ಬಸ್ಸು ಹತ್ತಿದಾಗ ಚಾಲಕ ಏನು ಮಾಡಬೇಕೆಂಬುದು ಪ್ರಯಾಣಿಕರಿಗೂ ಕಾಣುವಂತೆ ಬಸ್ಸಿನ ಬಾಗಿಲಲ್ಲೇ ಬರೆದಿರಬೇಕು; ಬರೆದದ್ದು ‘ಯಾರನ್ನೂ ದಾರಿಯಲ್ಲಿ ಬಿಡಬೇಡಿ’ ಎಂದಿರಬೇಕು, ಹಾಗೆ ಕರೆದೊಯ್ದ ಚಾಲಕನಿಗೆ ಯಾವ ನಷ್ಟವೂ ಆಗಬಾರದು. ಬ್ರಿಸ್ಬೇನಿನಲ್ಲಿ ನಡೆದಂಥ ಪರೀಕ್ಷೆಯನ್ನು ಸಾರಿಗೆ ಇಲಾಖೆಗಳೇ ಆಗಾಗ ನಡೆಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ಒಬ್ಬೊಬ್ಬ ಚಾಲಕನನ್ನು ಹಿಡಿದು ಶಿಕ್ಷಿಸಲು ಅದನ್ನು ಬಳಸಕೂಡದು.

ಈ ಬೇಡಿಕೆಗಳನ್ನು ಕನ್ನಡಿಗರು ತಮಗಾಗಿ ಮಾತ್ರ ಮುಂದಿಟ್ಟರೆ ಅವುಗಳಿಗೆ ಬಲವಿರುವುದಿಲ್ಲ, ಘನತೆಯೂ ಇರುವುದಿಲ್ಲ. ದಕ್ಷಿಣ ಸುಡಾನಿನವರು, ಈ ನೆಲದ ಮೂಲನಿವಾಸಿಗಳು, ಆಶ್ರಯ ಬೇಡಿ ಬಂದವರು ಜೊತೆಗಿದ್ದಾಗ ಮಾತ್ರ ಅವು ನ್ಯಾಯದ ಬೇಡಿಕೆಗಳಾಗುತ್ತವೆ. ವೆಸ್ಟ್‌ಮೀಡ್‌ನ ನಿಲ್ದಾಣದಲ್ಲಿ ರಾತ್ರಿಯ ಕೊನೆಯ ಬಸ್ಸಿಗೆ ಕಾದು ನಿಂತವರ ಸಾಲಿನಲ್ಲಿ ಇವರೆಲ್ಲರೂ ಈಗಾಗಲೇ ಒಟ್ಟಿಗೆ ಇದ್ದಾರೆ. ಶಾಸಕರ ಕಚೇರಿಗೂ ಹಾಗೆಯೇ ಒಟ್ಟಿಗೆ ಹೋಗುವುದು ಬಾಕಿಯಿದೆ.