ಸೋರುವ ತಾರಸಿ: ಮಳೆಗೆ ಮೊದಲು ನೀವೇ ಮಾಡಬಹುದಾದ ದುರಸ್ತಿ



ಕಾರವಾರ ತಾಲೂಕಿನ ತೋಡೂರಿನಂಥ ಊರುಗಳಲ್ಲಿ ಹೆಂಚಿನ ಮಾಡಿನ ಮಗ್ಗುಲಿಗೇ ಈಗ ಸಮತಟ್ಟಾದ ಕಾಂಕ್ರೀಟ್ ತಾರಸಿಗಳು ಬಂದಿವೆ. ಬೈಕು, ಕಾರು ನಿಲ್ಲಿಸುವ ಗ್ಯಾರೇಜಿಗೆ ಇದು ಅನುಕೂಲವೇ. ಆದರೆ ಹೆಂಚಿನ ಮೇಲೆ ಬಿದ್ದ ನೀರು ಇಳಿದು ಹೋಗುತ್ತದೆ, ತಾರಸಿಯ ಮೇಲೆ ಬಿದ್ದದ್ದು ದಾರಿ ಸಿಗದಿದ್ದರೆ ನಿಂತುಬಿಡುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳಲ್ಲೇ. ಹಾಗಾಗಿ ಕೂದಲೆಳೆಯಂಥ ಬಿರುಕೂ ಇಲ್ಲಿ ದೊಡ್ಡದೇ.

ಮೊದಲು ಏಣಿ ಹತ್ತಬೇಡಿ. ಒಳಗೆ ನಿಂತು ಮೇಲೆ ನೋಡಿ. ಬರೀ ತೇವದ ಕಲೆಯಿದ್ದರೆ ಕೆಲಸ ನಿಮ್ಮ ಕೈಯಲ್ಲಿದೆ. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ, ಸ್ಲ್ಯಾಬು ಜೋತುಬಿದ್ದಿದ್ದರೆ, ಅಲ್ಲಿಗೇ ನಿಲ್ಲಿಸಿ. ಗಾಡಿಯನ್ನು ಹೊರಗೆ ತನ್ನಿ, ಮಕ್ಕಳನ್ನು ಒಳಗೆ ಬಿಡಬೇಡಿ, ಎಂಜಿನಿಯರರನ್ನು ಕರೆಸಿ. ಕಡಲ ಗಾಳಿಯ ಉಪ್ಪಿಗೆ ಸರಳು ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಅಂಥ ಮಾಡು ಹೇಳದೆ ಕೇಳದೆ ಬೀಳಬಹುದು.

ಹಲವರು ಸೋರುವ ಜಾಗಕ್ಕೆ ಒಳಗಿನಿಂದ ಸಿಮೆಂಟು ಮೆತ್ತುತ್ತಾರೆ. ಹನಿ ಬೀಳುವುದು ನಿಲ್ಲಬಹುದು, ನೀರು ಬರುವುದು ನಿಲ್ಲುವುದಿಲ್ಲ. ಅದು ಸ್ಲ್ಯಾಬಿನೊಳಗೇ ಉಳಿದು ಸರಳನ್ನು ತಿನ್ನುತ್ತದೆ. ಮದ್ದು ಮೇಲಿನಿಂದಲೇ ಆಗಬೇಕು. ಅಲ್ಲದೆ ಹನಿ ಬೀಳುವಲ್ಲೇ ತೂತಿರುತ್ತದೆ ಎಂದೂ ಇಲ್ಲ. ನೀರು ಒಂದು ಕಡೆ ಒಳಹೊಕ್ಕು, ಹಲವು ಅಡಿ ಹರಿದು, ಇನ್ನೊಂದು ಕಡೆ ಇಳಿಯಬಹುದು.

ಆದುದರಿಂದ ತಾರಸಿಯನ್ನು ಮೊದಲು ಗುಡಿಸಿ. ಎಲೆ, ಪಾಚಿ ತೆಗೆದು ನೀರು ಹೋಗುವ ಕೊಳವೆಯನ್ನು ಬಿಡಿಸಿ. ಎಷ್ಟೋ ಸೋರಿಕೆಗಳಿಗೆ ಕಾರಣ ಕಟ್ಟಿಕೊಂಡ ಕೊಳವೆಯೇ. 10 ಅಡಿ ಅಗಲ, 20 ಅಡಿ ಉದ್ದದ ತಾರಸಿಯಲ್ಲಿ 1 ಅಂಗುಲ ನೀರು ನಿಂತರೆ ಅದರ ಭಾರ ಸುಮಾರು 470 ಕಿಲೋ ಎಂಬುದು ನೆನಪಿರಲಿ. ಬಳಿಕ ಒಂದೆರಡು ಕೊಡ ನೀರು ಸುರಿದು ನೋಡಿ. ನೀರು ನಿಲ್ಲುವ ತಗ್ಗು, ಕೊಳವೆಯ ಬಾಯಿ, ಕೈಪಿಡಿ ಗೋಡೆಯ ಬುಡ, ಈ ಮೂರನ್ನು ಸೀಮೆಸುಣ್ಣದಿಂದ ಗುರುತಿಸಿ, ಬಿರುಕು ಹುಡುಕಿ.

ತಾರಸಿ ಪೂರ್ತಿ ಒಣಗಿದ ಮೇಲೆ ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲಿಸಿ, ತಂತಿ ಬ್ರಷ್‌ನಿಂದ ಉಜ್ಜಿ ಧೂಳು ತೆಗೆಯಿರಿ. ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿ. ಕಡಲ ದಂಡೆಯ ಮರಳು ಹತ್ತಿರದಲ್ಲೇ ಪುಕ್ಕಟೆ ಸಿಗುತ್ತದೆಂದು ತರಬೇಡಿ, ಅದರ ಉಪ್ಪು ಸರಳಿಗೆ ಶತ್ರು. ತಗ್ಗಿದ್ದಲ್ಲಿ ಕೊಳವೆಯ ಕಡೆಗೆ ಇಳಿಜಾರು ಕೊಡಿ: 10 ಅಡಿಗೆ ಒಂದೂಕಾಲು ಅಂಗುಲವಾದರೂ ಇರಲಿ. ಗೋಡೆಯ ಬುಡದ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿ. ಗಾರೆಗೆ ಕೆಲವು ದಿನ ನೀರುಣಿಸಿ. ಅದು ಗಟ್ಟಿಯಾದ ನಂತರ ನೀರು ತಡೆಯುವ ಲೇಪನವನ್ನು ಎರಡು ಸಲ, ಒಂದಕ್ಕೊಂದು ಅಡ್ಡಡ್ಡವಾಗಿ ಬಳಿಯಿರಿ. ಬಿರುಕಿನ ಮೇಲೂ ಮೂಲೆಗಳಲ್ಲೂ ಎರಡು ಲೇಪನದ ನಡುವೆ ಗಾಜಿನ ನಾರಿನ ಜಾಲರಿ ಇಡಿ. ಗೋಡೆಯ ಮೇಲೂ ಒಂದಡಿ ಏರಿಸಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ.

ಇದಕ್ಕೆಲ್ಲ ತಕ್ಕ ಕಾಲ ಏಪ್ರಿಲ್, ಮೇ. ಮೃಗಶಿರಾ ಮಳೆ ಹಿಡಿದ ಮೇಲೆ ಹೆಚ್ಚಿನ ಲೇಪನಗಳು ಒದ್ದೆ ಕಾಂಕ್ರೀಟಿಗೆ ಸರಿಯಾಗಿ ಅಂಟುವುದಿಲ್ಲ. ಆಗ ಟಾರ್ಪಾಲು ಹೊದಿಸಿ ಕಾಯುವುದೇ ಜಾಣತನ. ಪಾಚಿಗಟ್ಟಿದ ತಾರಸಿಗೆ ಮಳೆಯಲ್ಲಿ ಹತ್ತಬೇಡಿ. ಏಣಿಯ ಬುಡ ಹಿಡಿಯಲು ಯಾವಾಗಲೂ ಒಬ್ಬರು ಇರಲಿ. ಸೋರುವ ಮಾಡನ್ನು ಮುಂದಿನ ವರ್ಷ ಸರಿಮಾಡಬಹುದು, ಮುರಿದ ಸೊಂಟವನ್ನು ಹಾಗೆ ಸರಿಮಾಡಲಾಗದು.