ಗಡಿಯಾರದ ಜೊತೆ ಪಂದ್ಯ ಕಟ್ಟಬೇಡಿ



2021ರ ಅಕ್ಟೋಬರ್ 29, ಯಾರೂ ಮರೆತಿಲ್ಲ. 46ನೇ ವಯಸ್ಸಿಗೇ ಪುನೀತ್ ರಾಜ್‌ಕುಮಾರ್ ಹೋಗಿಬಿಟ್ರು. ಆಮೇಲಿನ ದಿನಗಳಲ್ಲಿ ಜಯದೇವ ಆಸ್ಪತ್ರೆ ಮುಂದೆ ಹೃದಯ ಪರೀಕ್ಷೆಗೆ ಸಾಲುಗಟ್ಟಿ ನಿಂತರು ಜನ. ಮನೆಮನೆಯಲ್ಲೂ ಒಂದೇ ಪ್ರಶ್ನೆ: ಜಿಮ್‌ಗೆ ಹೋಗಬೇಕಾ, ಬೇಡ್ವಾ?

ಹೃದಯದ ಮಾತನ್ನು ಹೃದ್ರೋಗ ತಜ್ಞರಿಗೇ ಬಿಡೋಣ. ನಾನಿವತ್ತು ಹೇಳಹೊರಟಿರೋದು ಭುಜ, ಸೊಂಟ, ಮಂಡಿಯ ಕಥೆ. ಇದರಲ್ಲಿ ಯಾರೂ ಸಾಯಲ್ಲ, ಹಾಗಾಗಿ ಬ್ರೇಕಿಂಗ್ ನ್ಯೂಸ್ ಆಗಲ್ಲ. ಆದ್ರೆ 35 ವರ್ಷಕ್ಕೇ ಸೊಂಟ ಹಿಡ್ಕೊಂಡು ಮಗುವನ್ನು ಎತ್ತಿಕೊಳ್ಳೋಕಾಗದೆ ಕೂತವನಿಗೆ ಕೇಳಿ, ಅದೆಂಥ ಸುದ್ದಿ ಅಂತ.

ಈಗ ಎಲ್ಲೆಲ್ಲೂ ಕ್ರಾಸ್‌ಫಿಟ್, ಹೈ ಇಂಟೆನ್ಸಿಟಿ ಟ್ರೈನಿಂಗ್. ಭಾರ ಎತ್ತು, ಕಂಬಿಗೆ ಜೋತುಬೀಳು, ಪೆಟ್ಟಿಗೆ ಮೇಲೆ ಹಾರು, ಮತ್ತೆ ಭಾರ ಎತ್ತು. ನಡುವೆ ಉಸಿರಾಡೋಕೂ ಪುರುಸೊತ್ತಿಲ್ಲ. ಗೋಡೆ ಮೇಲೆ ಗಡಿಯಾರ, ಪಕ್ಕದಲ್ಲಿ ಸ್ಕೋರ್ ಬೋರ್ಡ್.

ಅಮೆರಿಕದ ಸಂಶೋಧಕರು ಕ್ರಾಸ್‌ಫಿಟ್ ಮಾಡೋರನ್ನೇ ಕೇಳಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉತ್ತರ ಕೊಟ್ಟ 386 ಜನರಲ್ಲಿ 75 ಮಂದಿಗೆ ಹಿಂದಿನ ಆರು ತಿಂಗಳಲ್ಲಿ ಗಾಯವಾಗಿತ್ತು. ಅಂದ್ರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ. ಎಲ್ಲಕ್ಕಿಂತ ಹೆಚ್ಚು ಭುಜ, ಆಮೇಲೆ ಸೊಂಟ, ಮಂಡಿ. ಕಂಬಿಗೆ ಜೋತುಬೀಳುವಂಥ ಕಸರತ್ತಲ್ಲಿ ಭುಜ ಹೋಗುತ್ತೆ, ಭಾರ ಎತ್ತೋವಾಗ ಸೊಂಟ ಹೋಗುತ್ತೆ. ಹೆಂಗಸರಿಗಿಂತ ಗಂಡಸರಿಗೇ ಗಾಯ ಜಾಸ್ತಿ. ಇನ್ನೊಂದು ಅಂಶವೂ ಅದರಲ್ಲಿತ್ತು, ಗಮನವಿಟ್ಟು ಕೇಳಿ: ಕೋಚ್ ಪಕ್ಕದಲ್ಲಿ ನಿಂತು ತಿದ್ದುತ್ತಿದ್ದ ಕಡೆ ಗಾಯ ಕಡಿಮೆ.

ಹಾಗಂತ ಈ ವ್ಯಾಯಾಮಾನೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜಿಮ್ನಾಸ್ಟಿಕ್ಸ್, ವೇಟ್‌ಲಿಫ್ಟಿಂಗ್‌ನಲ್ಲೂ ಹೆಚ್ಚುಕಡಿಮೆ ಇಷ್ಟೇ ಗಾಯಗಳಾಗುತ್ತವೆ ಅಂತ ಅಧ್ಯಯನಗಳು ಹೇಳುತ್ತವೆ. ಭಾರವೂ ಶತ್ರುವಲ್ಲ. ಶತ್ರು ಯಾವುದು ಅಂದ್ರೆ ಆತುರ! ಮೊದಲ ಐದು ಸಲ ಬೆನ್ನು ನೆಟ್ಟಗಿರುತ್ತೆ. ಹದಿನೈದನೇ ಸಲಕ್ಕೆ ಸ್ನಾಯು ಸುಸ್ತಾಗಿ ಬೆನ್ನು ಬಾಗುತ್ತೆ. ಭಾರ ಅಷ್ಟೇ ಇದೆ, ಹೊರುವ ಜಾಗ ಮಾತ್ರ ಬದಲಾಗಿದೆ. ತೊಡೆ ಹೊರಬೇಕಾದ್ದನ್ನು ಬೆನ್ನುಮೂಳೆ ಹೊರುತ್ತೆ. ಆ ಹೊತ್ತಿಗೆ "ಸಾಕು, ಇಳಿಸು" ಅನ್ನೋನು ಬೇಕು. ನಮ್ಮಲ್ಲಿ ಏನಾಗುತ್ತೆ? "ಇನ್ನೊಂದೇ ಒಂದು ಬಾಸ್" ಅಂತ ಚಪ್ಪಾಳೆ ತಟ್ತಾರೆ!

ಯಾರು ಹೆಚ್ಚು ಹುಷಾರಾಗಿರಬೇಕು? ಹೊಸದಾಗಿ ಸೇರಿದವರು. ತಿಂಗಳುಗಟ್ಟಲೆ ಬಿಟ್ಟು ಹಳೇ ಜೋಶ್‌ನಲ್ಲೇ ವಾಪಸ್ ಬಂದವರು. ಮೊದಲೇ ಒಮ್ಮೆ ಪೆಟ್ಟು ತಿಂದವರು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಸಂಜೆ ನೇರ ಬಾರ್‌ಬೆಲ್‌ಗೆ ಕೈ ಹಾಕೋರು.

ಇವರಲ್ಲಿ ಕೆಲವರಿಗೆ ಇನ್ನೂ ದೊಡ್ಡ ಅಪಾಯವಿದೆ. ಹೆಸರು ರಾಬ್ಡೋಮಯೋಲಿಸಿಸ್. ಅಭ್ಯಾಸವಿಲ್ಲದ ಮೈಗೆ ಏಕಾಏಕಿ ವಿಪರೀತ ದಂಡನೆ ಕೊಟ್ರೆ ಸ್ನಾಯುವಿನ ಕೋಶಗಳೇ ಒಡೆದು, ಒಳಗಿನ ಪದಾರ್ಥ ರಕ್ತಕ್ಕೆ ಸೇರುತ್ತೆ. ಅದನ್ನು ಸೋಸೋಕೆ ಹೋಗಿ ಕಿಡ್ನಿಯೇ ಕೈಕೊಡಬಹುದು. ಮಕ್ಕಳಿಗೆ ಶಿಕ್ಷೆ ಅಂತ ನೂರಾರು ಬಸ್ಕಿ ಹೊಡೆಸಿದಾಗಲೂ ಹೀಗಾದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. ತಡೆಯಲಾರದ ನೋವು, ಊತ, ಟೀ ಡಿಕಾಕ್ಷನ್ ಬಣ್ಣದ ಮೂತ್ರ ಕಂಡ್ರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಮೈಸೂರಿನ ಗರಡಿ ಮನೆಗಳನ್ನು ನೋಡಿ. ಮಟ್ಟಿಗೆ ಇಳಿದ ಹುಡುಗ ಮೊದಲ ದಿನವೇ ಕುಸ್ತಿ ಆಡ್ತಾನಾ? ಇಲ್ಲ. ದಂಡ, ಬಸ್ಕಿ, ಸಾಮು ಮಾಡಿ ಮೈ ಹದವಾಗಬೇಕು. ಉಸ್ತಾದ್ ಕಣ್ಣಿಟ್ಟು ನೋಡ್ತಿರ್ತಾರೆ, ಅವರು ಹೂಂ ಅನ್ನೋವರೆಗೂ ಕಾಯಬೇಕು. ಅಲ್ಲಿ ಎಸಿ ಇರಲಿಲ್ಲ, ಕನ್ನಡಿ ಇರಲಿಲ್ಲ. ನೋಡೋ ಕಣ್ಣು ಇತ್ತು.

ಆದ್ದರಿಂದ ಫೀಸ್ ಕಟ್ಟೋ ಮುಂಚೆ ಡಿಸ್ಕೌಂಟ್ ಎಷ್ಟು ಅಂತ ಕೇಳೋದು ಆಮೇಲೆ. ಮೊದಲು ಈ ಮೂರು ಪ್ರಶ್ನೆ ಕೇಳಿ. ಒಬ್ಬ ಕೋಚ್‌ಗೆ ಎಷ್ಟು ಜನ? ನನ್ನ ಹಳೇ ನೋವು, ಕಾಯಿಲೆ ಬಗ್ಗೆ ವಿಚಾರಿಸ್ತೀರಾ? ಮೊದಲ ಕೆಲವು ವಾರ ಹಗುರ ಭಾರದಲ್ಲಿ ಸರಿಯಾಗಿ ಕಲಿಸ್ತೀರಾ? ಉತ್ತರ ಕೊಡೋಕೆ ತಡವರಿಸಿದ್ರೆ ಬಾಗಿಲು ಎಲ್ಲಿದೆ ಅಂತ ನಿಮಗೆ ಗೊತ್ತು.

ಜಿಮ್ ಮಾಲೀಕರಿಗೂ ಒಂದು ಮಾತು. ನಿಮ್ಮ ಮಷಿನ್ ಕೆಟ್ರೆ ಸ್ಪೇರ್ ಪಾರ್ಟ್ ಸಿಗುತ್ತೆ. ನಿಮ್ಮನ್ನು ನಂಬಿ ಬಂದವನ ಬೆನ್ನುಮೂಳೆಗೆ ಸ್ಪೇರ್ ಎಲ್ಲಿಂದ ತರ್ತೀರಿ, ಸ್ವಾಮಿ?